ಜಾನಿ ಯುನಿಟಾಸ್: ಬಾಲ್ಟಿಮೋರ್ ಇನ್ನೂ ಮರೆಯದ 19ನೇ ನಂಬರ್

ಟೌಸನ್_ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ನಮ್ಮ ಮೂಲ ತೀರ್ಥಹಳ್ಳಿ ಕಡೆ. ಈಗ ಇರುವುದು ಮೇರಿಲ್ಯಾಂಡಿನ ಟೌಸನ್‌ನಲ್ಲಿ, ಬಾಲ್ಟಿಮೋರ್ ಪಕ್ಕ. ಇಲ್ಲಿಗೆ ಬಂದ ಹೊಸದರಲ್ಲಿ ಎಲ್ಲಿ ಹೋದರೂ ಒಂದು ಹೆಸರು ಕಣ್ಣಿಗೆ ಬೀಳುತ್ತಿತ್ತು. ನಮ್ಮೂರಿನ ಯೂನಿವರ್ಸಿಟಿ ಮೈದಾನಕ್ಕೆ ಜಾನಿ ಯುನಿಟಾಸ್ ಸ್ಟೇಡಿಯಂ ಅಂತ ಹೆಸರು. ಅವರು ಅಮೆರಿಕನ್ ಫುಟ್‌ಬಾಲ್ ಆಟಗಾರ, ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಬಾಲ್ಟಿಮೋರ್ ರೇವನ್ಸ್ ಆಡುವ ಸ್ಟೇಡಿಯಂ ಮುಂದೆ ಇರುವ ಒಂದು ಪ್ರತಿಮೆಯೂ ಅವರದೇ. ಆದರೆ ಅವರು ರೇವನ್ಸ್‌ಗೆ ಒಂದು ಪಂದ್ಯವನ್ನೂ ಆಡಿದವರಲ್ಲ. ಅವರು ಆಡಿದ್ದು ಬಾಲ್ಟಿಮೋರ್ ಕೋಲ್ಟ್ಸ್‌ಗೆ. ಆ ತಂಡ 1984ರಲ್ಲೇ ಊರು ಬಿಟ್ಟು ಹೋಗಿದೆ.

ನಮ್ಮ ಬೀದಿಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಪ್ರತಿ ಭಾನುವಾರ ಹಳೆಯ ನೀಲಿ ಜರ್ಸಿ ಹಾಕಿಕೊಂಡು ಹೊರಗೆ ಕೂರುತ್ತಾರೆ. ಬೆನ್ನ ಮೇಲೆ 19. ಯಾರು ಇವರು ಅಂತ ಒಂದು ಸಂಜೆ ಕೇಳಿದೆ. ಎದ್ದು ಮನೆಗೆ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಇದ್ದೇನೆ.

ಜಾನಿ ಯುನಿಟಾಸ್ ಹುಟ್ಟಿದ್ದು 1933ರ ಮೇ 7ರಂದು, ಪಿಟ್ಸ್‌ಬರ್ಗ್‌ನಲ್ಲಿ. ಲಿಥುವೇನಿಯಾದಿಂದ ವಲಸೆ ಬಂದವರ ಮನೆತನ. ಮನೆಮನೆಗೆ ಕಲ್ಲಿದ್ದಲು ಹಾಕುವುದು ತಂದೆಯ ಕೆಲಸ. ಮಗನಿಗೆ ಐದು ವರ್ಷ ಆಗಿದ್ದಾಗ ತಂದೆ ತೀರಿಕೊಂಡರು. ತಾಯಿಯ ಮೇಲೆ ನಾಲ್ಕು ಮಕ್ಕಳು. ಅವರು ಆ ಕಲ್ಲಿದ್ದಲು ವ್ಯಾಪಾರ ಬಿಡಲಿಲ್ಲ. ಜೊತೆಗೆ ಬೇರೆ ದುಡಿಮೆಯನ್ನೂ ಮಾಡಿದರು. ಹುಡುಗ ಶಾಲೆ ಬಿಟ್ಟ ಮೇಲೆ ಸಲಿಕೆ ಹಿಡಿದು ಕಲ್ಲಿದ್ದಲು ತುಂಬುತ್ತಿದ್ದ.

ನನಗೆ ಅನ್ನಿಸಿದ್ದು ಇಷ್ಟು. ಈ ಮನುಷ್ಯನನ್ನು ಬೇಡ ಅಂದವರು ಜಾಸ್ತಿ ಜನ. ಬೇಕು ಅಂದದ್ದು ಒಂದು ಊರು. ಆ ಊರು ಇವತ್ತಿಗೂ ಅವರ ಕೈ ಬಿಟ್ಟಿಲ್ಲ. ಇದರ ಬಗ್ಗೆ ಗೊತ್ತಿರುವವರು, ಗೊತ್ತಿಲ್ಲದವರು ಇಬ್ಬರೂ ಬನ್ನಿ, ಮಾತಾಡೋಣ.

ಹುಬ್ಬಳ್ಳಿ_ಅಂಗಳ

ಸರ್, ನನಗೆ ಈ ಆಟದ ಗಂಧ ಗಾಳಿ ಗೊತ್ತಿಲ್ಲ. ಕಾಲಲ್ಲಿ ಒದೆಯೋದು ಕಡಿಮೆ, ಆದರೂ ಫುಟ್‌ಬಾಲ್ ಅಂತಾರೆ. ಕ್ವಾರ್ಟರ್‌ಬ್ಯಾಕ್ ಅಂದರೆ ಯಾರು? ನಮ್ಮ ಕ್ರಿಕೆಟ್ ಕ್ಯಾಪ್ಟನ್ ಥರಾನಾ? ಮೊದಲು ಅದನ್ನು ಹೇಳಿ, ಆಮೇಲೆ ಕಥೆ ಚೆನ್ನಾಗಿ ತಿಳಿಯುತ್ತೆ.

ಟೌಸನ್_ಮಲೆನಾಡಿಗ

ಒಳ್ಳೇ ಪ್ರಶ್ನೆ. ಸುಲಭವಾಗಿ ಹೇಳಲು ನೋಡುತ್ತೇನೆ.

ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಯತ್ನ. ಆ ನಾಲ್ಕರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತೆ. ಹೀಗೆ ಹೋಗ್ತಾ ಹೋಗ್ತಾ ಎದುರಾಳಿಯ ಕೊನೆ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ದಾಟಲು ಆಗದಿದ್ದರೆ ಕಂಬಗಳ ನಡುವೆ ಚೆಂಡು ಒದ್ದು 3 ಅಂಕ ತೆಗೆದುಕೊಳ್ಳಬಹುದು. ಪ್ರತಿ ಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಅದನ್ನು ಓಡುವವನಿಗೆ ಕೊಡಬೇಕು, ಇಲ್ಲವೇ ದೂರದಲ್ಲಿ ಓಡುತ್ತಿರುವವನಿಗೆ ಎಸೆಯಬೇಕು. ಯೋಚಿಸಲು ಮೂರು ಸೆಕೆಂಡ್ ಸಿಕ್ಕರೆ ಪುಣ್ಯ. ಅಷ್ಟರಲ್ಲಿ ನೂರಿಪ್ಪತ್ತು ಕಿಲೋ ತೂಕದವರು ಅವನ ಮೇಲೆ ಬಿದ್ದಿರುತ್ತಾರೆ.

ಈಗ ಮುಖ್ಯ ವಿಷಯ. ಇವತ್ತು ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನಲ್ಲಿ ಪುಟ್ಟ ಸ್ಪೀಕರ್ ಇರುತ್ತೆ. ಮುಂದೇನು ಅಂತ ಕೋಚ್ ಹೇಳುತ್ತಾರೆ. ಆ ಕಾಲದಲ್ಲೂ ಕ್ಲೀವ್‌ಲ್ಯಾಂಡ್‌ನ ಕೋಚ್ ಪಾಲ್ ಬ್ರೌನ್ ಒಬ್ಬೊಬ್ಬ ಆಟಗಾರನನ್ನು ಒಳಗೆ ಕಳಿಸಿ ತಮ್ಮ ಮಾತು ಮುಟ್ಟಿಸುತ್ತಿದ್ದರು. ಯುನಿಟಾಸ್ ಹಾಗಲ್ಲ. ಎಲ್ಲರೂ ತಲೆ ಬಗ್ಗಿಸಿ ಗುಂಪಾಗಿ ನಿಲ್ಲುತ್ತಾರಲ್ಲ, ಅದಕ್ಕೆ ಹಡಲ್ ಅಂತಾರೆ. ಅಲ್ಲಿ ಏನು ಮಾಡಬೇಕು ಅಂತ ತಾವೇ ಹೇಳುತ್ತಿದ್ದರು. ಎದುರಿನವರು ನಿಂತ ರೀತಿ ನೋಡಿ ಕೊನೇ ಕ್ಷಣದಲ್ಲಿ ಬದಲಾಯಿಸುತ್ತಿದ್ದರು. ಕ್ಯಾಪ್ಟನ್ ಅಂದಿರಲ್ಲ, ಫೀಲ್ಡಿಂಗ್ ಇಡುವವನೂ ಅವನೇ, ಬೌಲಿಂಗ್ ಮಾಡುವವನೂ ಅವನೇ ಅಂತ ಅಂದುಕೊಳ್ಳಿ.

ಪಿಟ್ಸ್‌ಬರ್ಗ್_ಅಕ್ಕ

ನಮ್ಮೂರಿನ ಹೆಸರು ಬಂತು, ಸುಮ್ನೆ ಕೂರಲು ಆಗಲಿಲ್ಲ. ಇಲ್ಲಿ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಬಂದ ನಮ್ಮವರು ಗುಡ್ಡ, ನದಿ, ಸೇತುವೆ ನೋಡಿಕೊಂಡು ಹೋಗುತ್ತಾರೆ. ಈ ಗುಡ್ಡಗಳ ಸಂದಿಯಲ್ಲಿ ಎಂಥೆಂಥಾ ಕ್ವಾರ್ಟರ್‌ಬ್ಯಾಕ್‌ಗಳು ಹುಟ್ಟಿದ್ದಾರೆ ಗೊತ್ತಾ? ಯುನಿಟಾಸ್, ಜೋ ನಾಮತ್, ಜೋ ಮೊಂಟಾನಾ, ಡ್ಯಾನ್ ಮರೀನೋ, ಜಿಮ್ ಕೆಲ್ಲಿ, ಜಾರ್ಜ್ ಬ್ಲಾಂಡಾ. ಎಲ್ಲರೂ ಪಶ್ಚಿಮ ಪೆನ್ಸಿಲ್ವೇನಿಯಾದವರು. ಉಕ್ಕು, ಕಲ್ಲಿದ್ದಲಿನ ಊರುಗಳಲ್ಲಿ ಬೆಳೆದವರು.

ಆದರೆ ಮನೆಯ ಹುಡುಗನನ್ನೇ ನಮ್ಮ ಸ್ಟೀಲರ್ಸ್ ತಂಡ ಕಳೆದುಕೊಂಡಿತು. ಆ ಕಥೆ ಹೇಳಲೇಬೇಕು.

ಹೈಸ್ಕೂಲ್ ಮುಗಿಸಿದಾಗ ಯುನಿಟಾಸ್‌ಗೆ ನೋಟ್ರ್ ಡೇಮ್ ಯೂನಿವರ್ಸಿಟಿಯಲ್ಲಿ ಆಡುವ ಆಸೆ. ಮೈ ತುಂಬಾ ತೆಳುವು, ತಡೆಯುವುದಿಲ್ಲ ಅಂತ ಅಲ್ಲಿ ಬೇಡ ಅಂದರು. ಪಿಟ್ಸ್‌ಬರ್ಗ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಕೊನೆಗೆ ಕೆಂಟಕಿಯ ಲೂಯಿವಿಲ್ ಯೂನಿವರ್ಸಿಟಿ ಕರೆಯಿತು. ಆಗ ಅದೇನೂ ದೊಡ್ಡ ತಂಡವಲ್ಲ. ಅಲ್ಲಿ ಚೆಂಡು ಎಸೆಯುವುದರ ಜೊತೆಗೆ ಎದುರಾಳಿಗಳನ್ನು ತಡೆಯಲೂ ಅವರೇ ನಿಲ್ಲಬೇಕಿತ್ತು.

ಕಾಲೇಜು ಆಟಗಾರರನ್ನು ತಂಡಗಳು ಸುತ್ತು ಸುತ್ತಾಗಿ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅಂತಾರೆ. 1955ರ ಡ್ರಾಫ್ಟ್‌ನಲ್ಲಿ ಸ್ಟೀಲರ್ಸ್ ಅವರನ್ನು ಒಂಬತ್ತನೇ ಸುತ್ತಿನಲ್ಲಿ ಆರಿಸಿತು. ಊರಿನ ತಂಡ ಅಂತ ಎಷ್ಟು ಸಂತೋಷ ಆಗಿರಬೇಕು ಹೇಳಿ. ಆದರೆ ಕ್ಯಾಂಪಿನಲ್ಲಿ ನಾಲ್ಕು ಜನ ಕ್ವಾರ್ಟರ್‌ಬ್ಯಾಕ್‌ಗಳು. ಉಳಿಸಿಕೊಳ್ಳುವುದು ಮೂವರನ್ನು. ಕೋಚ್ ವಾಲ್ಟ್ ಕೀಸ್ಲಿಂಗ್ ಅವರಿಗೆ ಈ ಹುಡುಗನ ತಲೆ ಓಡುವುದಿಲ್ಲ ಅನ್ನಿಸಿತ್ತು. ಅಭ್ಯಾಸ ಪಂದ್ಯಗಳಲ್ಲಿ ಒಂದು ಸಲವೂ ಒಳಗೆ ಬಿಡಲಿಲ್ಲ. ಬೇಸರವಾದಾಗ ಮಾಲೀಕ ರೂನಿಯವರ ಮಕ್ಕಳಿಗೆ ಚೆಂಡು ಎಸೆಯುತ್ತಾ ಇರುತ್ತಿದ್ದರು. ಆ ಮಕ್ಕಳಿಗೆ ಮಾತ್ರ ಗೊತ್ತಾಗಿತ್ತು, ಇವರ ಕೈಯಲ್ಲಿ ಏನೋ ಇದೆ ಅಂತ. ಆಮೇಲೆ ಕೀಸ್ಲಿಂಗ್ ಮನೆಗೆ ಕಳಿಸಿದರು. ಬಸ್ಸಿಗೆ ಕೊಟ್ಟ ದುಡ್ಡು ಉಳಿಸಿಕೊಂಡು, ದಾರಿಯಲ್ಲಿ ಕೈ ತೋರಿಸಿ ವಾಹನ ಹತ್ತಿ ಮನೆ ಸೇರಿದರು ಅಂತ ಇಲ್ಲಿನವರು ಈಗಲೂ ಹೇಳುತ್ತಾರೆ. ಅಷ್ಟು ಹೊತ್ತಿಗೆ ಮದುವೆಯೂ ಆಗಿತ್ತು.

ಹಗಲು ಕಟ್ಟಡದ ಕೆಲಸ. ಸಂಜೆ ಬ್ಲೂಮ್‌ಫೀಲ್ಡ್ ರ‍್ಯಾಮ್ಸ್ ಅನ್ನೋ ಬಡಾವಣೆಯ ತಂಡ. ಪಂದ್ಯಕ್ಕೆ 6 ಡಾಲರ್. ಆ ಮೈದಾನದಲ್ಲಿ ಹುಲ್ಲಿಗಿಂತ ಮಣ್ಣು, ಕಲ್ಲು ಜಾಸ್ತಿ. ಬ್ಲೂಮ್‌ಫೀಲ್ಡ್ ನಮ್ಮ ಮನೆಯಿಂದ ದೂರವಿಲ್ಲ. ಆ ಕಡೆ ಹೋದಾಗಲೆಲ್ಲ ನೆನಪಾಗುತ್ತೆ. ನಾನು ಯೋಚಿಸುವುದು ಅವರ ಮನೆಯವರ ಬಗ್ಗೆ. ಕೈಗೂಸು ಇರುವ ಮನೆ, ದಿನಗೂಲಿ ಥರದ ದುಡಿಮೆ. ಆದರೂ ವಾರಕ್ಕೊಮ್ಮೆ 6 ಡಾಲರ್‌ಗೆ ಮೈ ಮುರಿದುಕೊಂಡು ಬರುವ ಗಂಡನಿಗೆ ಬೇಡ ಅನ್ನಲಿಲ್ಲ.

1983ರ ಡ್ರಾಫ್ಟ್‌ನಲ್ಲಿ ಮರೀನೋ ಅವರನ್ನೂ ಸ್ಟೀಲರ್ಸ್ ಆರಿಸದೆ ಬಿಟ್ಟಿತು. ಅವರಂತೂ ಇದೇ ಊರಿನವರು. ಅದರ ನೋವು ಬೇರೆಯೇ ಇದೆ, ಇಲ್ಲಿ ಬೇಡ ಬಿಡಿ.

ಟೌಸನ್_ಮಲೆನಾಡಿಗ

ಅಕ್ಕ, ಎಷ್ಟು ಚೆನ್ನಾಗಿ ಹೇಳಿದಿರಿ! ಮುಂದಿನದು ನಾನು ಸೇರಿಸುತ್ತೇನೆ.

1956ರಲ್ಲಿ ಕೋಲ್ಟ್ಸ್‌ನವರು ಅವರಿಗೆ ಫೋನ್ ಮಾಡಿದರು. ಆ ಫೋನಿಗೆ 80 ಸೆಂಟ್ ಖರ್ಚಾಯಿತು ಅನ್ನುವುದು ಬಾಲ್ಟಿಮೋರಿನಲ್ಲಿ ಗಾದೆಯ ಹಾಗೆ ಉಳಿದಿದೆ. ಕೋಚ್ ವೀಬ್ ಯೂಬ್ಯಾಂಕ್. ತಂಡದಲ್ಲಿ ಉಳಿದರೆ ವರ್ಷಕ್ಕೆ 7,000 ಡಾಲರ್ ಅಂತ ಒಪ್ಪಂದ.

ಮೊದಲು ಬೆಂಚಿನ ಮೇಲೆ ಕೂತಿದ್ದರು. ಅಕ್ಟೋಬರ್‌ನಲ್ಲಿ ಷಿಕಾಗೋ ಬೇರ್ಸ್ ಎದುರು ಆಡುತ್ತಿದ್ದ ಕ್ವಾರ್ಟರ್‌ಬ್ಯಾಕ್ ಜಾರ್ಜ್ ಷಾ ಅವರ ಕಾಲಿಗೆ ಪೆಟ್ಟಾಯಿತು, ಯುನಿಟಾಸ್ ಒಳಗೆ ಬಂದರು. ಅವರ ಮೊದಲ ಪಾಸ್ ಏನಾಯಿತು ಗೊತ್ತಾ? ಎದುರಾಳಿ ಹಿಡಿದು ನೇರ ಟಚ್‌ಡೌನ್‌ಗೆ ಓಡಿದ. ಆಮೇಲೆ ಓಡುವವನ ಕೈಗೆ ಕೊಡಬೇಕಾದ ಚೆಂಡೂ ನೆಲಕ್ಕೆ ಬಿತ್ತು. ಪಂದ್ಯ 58-27ರಲ್ಲಿ ಸೋತರು. ಬೇರೆ ಕೋಚ್ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಯೂಬ್ಯಾಂಕ್ ಮತ್ತೆ ಅವರನ್ನೇ ಇಳಿಸಿದರು. ಅದೇ ವರ್ಷದ ಡಿಸೆಂಬರ್‌ನಿಂದ ಶುರುವಾಯಿತು ನೋಡಿ, ಸತತ 47 ಪಂದ್ಯಗಳಲ್ಲಿ ಕನಿಷ್ಠ ಒಂದು ಟಚ್‌ಡೌನ್ ಪಾಸ್. 1960ರ ಡಿಸೆಂಬರ್‌ವರೆಗೆ. ಆ ದಾಖಲೆ ಮುರಿಯಲು ಡ್ರೂ ಬ್ರೀಸ್ ಬರಬೇಕಾಯಿತು, ಅದೂ 2012ರಲ್ಲಿ.

ಲೆಕ್ಕದ_ಮೇಷ್ಟ್ರು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಅವರ ಪೂರ್ತಿ ಲೆಕ್ಕ ನೋಡಿದೆ. 5,186 ಪಾಸ್ ಎಸೆದಿದ್ದಾರೆ, 2,830 ಗುರಿ ಮುಟ್ಟಿವೆ. ಅಂದರೆ ನೂರಕ್ಕೆ 54.6. ಟಚ್‌ಡೌನ್ 290, ಎದುರಾಳಿ ಕೈಗೆ ಹೋದದ್ದು 253. ಇವತ್ತು ಈ ಲೆಕ್ಕ ಇಟ್ಟುಕೊಂಡು ಯಾವ ತಂಡದಲ್ಲೂ ಜಾಗ ಸಿಗುವುದಿಲ್ಲ. ಈಗಿನ ಒಳ್ಳೇ ಕ್ವಾರ್ಟರ್‌ಬ್ಯಾಕ್‌ಗಳು ನೂರಕ್ಕೆ 65ಕ್ಕಿಂತ ಮೇಲೆ ಇರುತ್ತಾರೆ. ಹಳೆಯವರ ಮೇಲಿನ ಪ್ರೀತಿಯಿಂದ ನಾವು ಅವರನ್ನು ಜಾಸ್ತಿ ಎತ್ತರಕ್ಕೆ ಇಡುತ್ತಿದ್ದೇವೆ ಅನ್ನಿಸಲ್ವಾ?

ಬಯಲಾಟ_ಕೋಚ್

ಮೇಷ್ಟ್ರೇ, ನಾನು ಮೂವತ್ತು ವರ್ಷ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಒಂದು ಕಾಲದ ಲೆಕ್ಕವನ್ನು ಇನ್ನೊಂದು ಕಾಲದ ತಕ್ಕಡಿಯಲ್ಲಿ ತೂಗಬಾರದು ಅಂತ ಮಕ್ಕಳಿಗೂ ಹೇಳುತ್ತಿದ್ದೆ. ನಿಮಗೂ ಪ್ರೀತಿಯಿಂದ ಹೇಳುತ್ತೇನೆ.

ಮಗ ಅಮೆರಿಕದಲ್ಲಿ ಇರುವುದರಿಂದ ಈ ಆಟ ನೋಡುವ ಅಭ್ಯಾಸ ನನಗೂ ಆಗಿದೆ. ಅವತ್ತು ಚೆಂಡು ಹಿಡಿಯಲು ಓಡುವವನನ್ನು ದಾರಿಯುದ್ದಕ್ಕೂ ತಳ್ಳಬಹುದಿತ್ತು, ಗುದ್ದಬಹುದಿತ್ತು. 1978ರಲ್ಲಿ ನಿಯಮ ಬದಲಾಯಿತು. 5 ಗಜ ದಾಟಿದ ಮೇಲೆ ಮುಟ್ಟುವ ಹಾಗಿಲ್ಲ ಅಂತಾಯಿತು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಪಾಡುವವರು ಕೈ ಚಾಚಿ ತಡೆಯಬಹುದು ಅಂತಲೂ ಅದೇ ವರ್ಷ ಆಯಿತು. ಪಾಸ್ ಆಟ ಹೂ ಅರಳಿದ ಹಾಗೆ ಅರಳಿದ್ದು ಅಲ್ಲಿಂದ ಮೇಲೆ. ಇನ್ನೊಂದು ವಿಷಯ, ಯುನಿಟಾಸ್ ಶುರು ಮಾಡಿದಾಗ ಒಂದು ಸೀಸನ್ ಅಂದರೆ 12 ಪಂದ್ಯ. 1961ರಿಂದ 14. ಈಗ 17.

ಆ 12 ಪಂದ್ಯದ ಕಾಲದಲ್ಲೇ 1959ರಲ್ಲಿ 32 ಟಚ್‌ಡೌನ್ ಪಾಸ್ ಎಸೆದರು. ಅದಕ್ಕೂ ಮುಂಚೆ ಒಂದು ಸೀಸನ್‌ನಲ್ಲಿ 30 ಮುಟ್ಟಿದವರೇ ಇರಲಿಲ್ಲ. ಒಟ್ಟು 40,239 ಗಜ. 40,000 ದಾಟಿದವರಲ್ಲಿ ಅವರೇ ಮೊದಲಿಗರು. ಲೆಕ್ಕ ನೋಡುವುದಾದರೆ ಇದನ್ನೂ ನೋಡಿ.

ಇನ್ನು ಪೆಟ್ಟಿನ ವಿಷಯ. 1958ರ ನವೆಂಬರ್‌ನಲ್ಲಿ ಗ್ರೀನ್ ಬೇ ಎದುರು ಪಕ್ಕೆಲುಬು ಮುರಿಯಿತು, ಶ್ವಾಸಕೋಶಕ್ಕೆ ತೂತಾಯಿತು. ತಪ್ಪಿಸಿಕೊಂಡದ್ದು ಎರಡೇ ಪಂದ್ಯ! ಮೈಗೆ ಕವಚದ ಥರ ಒಂದು ಪಟ್ಟಿ ಕಟ್ಟಿಕೊಂಡು ಬಂದರು. ವಾಪಸ್ ಬಂದ ದಿನ ಎಸೆದ ಮೊದಲ ಪಾಸನ್ನೇ ಲೆನ್ನಿ ಮೂರ್ ಹಿಡಿದು 58 ಗಜದ ಟಚ್‌ಡೌನ್ ಮಾಡಿದರು. 1960ರಲ್ಲಿ ಷಿಕಾಗೋದಲ್ಲಿ ಮೂಗು ಒಡೆದು ರಕ್ತ ನಿಲ್ಲಲಿಲ್ಲ. ಜೊತೆಗಾರನೊಬ್ಬ ನೆಲದ ಮಣ್ಣು ತೆಗೆದು ಮೂಗಿಗೆ ಒತ್ತಿದ. ಪಂದ್ಯ ಮುಗಿಯಲು 17 ಸೆಕೆಂಡ್ ಇರುವಾಗ ಮತ್ತೆ ಮೂರ್‌ಗೇ ಪಾಸ್ ಹಾಕಿ 24-20ರಲ್ಲಿ ಗೆದ್ದರು. ಇದನ್ನೆಲ್ಲ ಯಾವ ಕಾಲಂನಲ್ಲಿ ಬರೆಯುತ್ತೀರಿ?

ಲೆಕ್ಕದ_ಮೇಷ್ಟ್ರು

ಒಪ್ಪಿದೆ ಸರ್. 1978ರ ನಿಯಮದ ವಿಷಯ ನನಗೆ ಹೊಳೆದಿರಲಿಲ್ಲ. ನಾನು ಹೋಲಿಸಬೇಕಾದ್ದು ಅವರ ಕಾಲದವರ ಜೊತೆ. ಹಾಗೆ ನೋಡಿದರೆ ಲೀಗಿನ ಅತ್ಯುತ್ತಮ ಆಟಗಾರ ಅನ್ನುವ ಪ್ರಶಸ್ತಿ 1959, 1964, 1967, ಮೂರು ಸಲ ಬಂದಿದೆ. ಮೊದಲನೆಯದಕ್ಕೂ ಕೊನೆಯದಕ್ಕೂ ಎಂಟು ವರ್ಷ ಅಂತರ. ಅದು ದೊಡ್ಡದೇ.

ಹುಬ್ಬಳ್ಳಿ_ಅಂಗಳ

1958ರ ಫೈನಲ್ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ. ಅಷ್ಟು ದೊಡ್ಡದು ಯಾಕೆ? ಯಾರಾದರೂ ಬಿಡಿಸಿ ಹೇಳಿ.

ಟೌಸನ್_ಮಲೆನಾಡಿಗ

ಇದಕ್ಕೇ ಕಾಯುತ್ತಿದ್ದೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

1958ರ ಡಿಸೆಂಬರ್ 28. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ. ಒಳಗೆ 64,185 ಜನ. ಎದುರಾಳಿ ನ್ಯೂಯಾರ್ಕ್ ಜೈಂಟ್ಸ್. ಒಂದು ಕಡೆ ಮಹಾನಗರ, ಪತ್ರಿಕೆ, ಜಾಹೀರಾತು ಎಲ್ಲ ಇರುವ ಊರು. ಇನ್ನೊಂದು ಕಡೆ ಹಡಗುಕಟ್ಟೆ, ಉಕ್ಕಿನ ಕಾರ್ಖಾನೆಯ ಬಾಲ್ಟಿಮೋರ್. ಆಗಿನ ಆಟಗಾರರೂ ದೊಡ್ಡ ಸಾಹುಕಾರರಲ್ಲ. ಸೀಸನ್ ಮುಗಿದ ಮೇಲೆ ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಆರ್ಟ್ ಡೊನೊವನ್ ಮದ್ಯ ಮಾರುವ ಕೆಲಸ ಮಾಡಿದವರು. ಜನ ಇರುವ ಬೀದಿಗಳಲ್ಲೇ ಅವರ ಮನೆಗಳೂ ಇದ್ದವು. ನಮ್ಮ ಹಿರಿಯರು ಇದನ್ನೇ ಪದೇ ಪದೇ ಹೇಳುವುದು. ಅವರು ನಮ್ಮ ಥರಾನೇ ಇದ್ದರು ಅಂತ.

ಅರ್ಧ ಆಟ ಮುಗಿದಾಗ ಕೋಲ್ಟ್ಸ್ 14-3ರಲ್ಲಿ ಮುಂದಿತ್ತು. ಆಮೇಲೆ ಜೈಂಟ್ಸ್ ಎದ್ದು ನಿಂತಿತು. 17-14 ಆಯಿತು. ಕೊನೆಯ ಕೆಲವೇ ನಿಮಿಷ. ಜೈಂಟ್ಸ್ ಕೈಯಲ್ಲಿ ಚೆಂಡು. ಫ್ರ್ಯಾಂಕ್ ಗಿಫರ್ಡ್ ಓಡಿದರು, ಬೇಕಾದ ಗೆರೆಗೆ ಅಂಗುಲಗಳಷ್ಟು ಕಮ್ಮಿಯಾಯಿತು. ಅವರನ್ನು ತಡೆದ ಕೋಲ್ಟ್ಸ್‌ನ ಜಿನೊ ಮಾರ್ಕೆಟಿ ಅವರ ಕಾಲು ಅಲ್ಲೇ ಮುರಿಯಿತು. ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋಗುವಾಗ ಒಳಗೆ ಬೇಡ, ಗೆರೆ ಪಕ್ಕ ಇಳಿಸಿ ಅಂದರು. ಮಲಗಿದ ಕಡೆಯಿಂದಲೇ ಆಟ ನೋಡಿದರು.

ಯುನಿಟಾಸ್ ಕೈಗೆ ಚೆಂಡು ಬಂದಾಗ ತಮ್ಮದೇ 14 ಗಜದ ಗೆರೆ. ಎರಡು ನಿಮಿಷವೂ ಉಳಿದಿಲ್ಲ. ಮೊದಲೆರಡು ಪಾಸ್ ನೆಲಕ್ಕೆ. ಮೂರನೆಯದು ಲೆನ್ನಿ ಮೂರ್‌ಗೆ, 11 ಗಜ. ಆಮೇಲೆ ಸಾಲಾಗಿ ಮೂರು ಪಾಸ್, ಮೂರೂ ಒಬ್ಬರಿಗೇ, ರೇಮಂಡ್ ಬೆರ್ರಿಗೆ. 25 ಗಜ, 15 ಗಜ, 22 ಗಜ. 7 ಸೆಕೆಂಡ್ ಇರುವಾಗ ಸ್ಟೀವ್ ಮೈರಾ ಚೆಂಡು ಒದ್ದು 17-17 ಮಾಡಿದರು.

ಈ ಬೆರ್ರಿ ಬಗ್ಗೆ ಒಂದು ಮಾತು. 1954ರಲ್ಲಿ ಇಪ್ಪತ್ತನೇ ಸುತ್ತಿನಲ್ಲಿ ಆರಿಸಿದ ಆಟಗಾರ. ಕಣ್ಣು ಮಂದ. ಓಟವೂ ಅಂಥಾ ವೇಗದ್ದಲ್ಲ. ಎಲ್ಲರೂ ಮನೆಗೆ ಹೋದ ಮೇಲೆ ಇವರಿಬ್ಬರೇ ಮೈದಾನದಲ್ಲಿ ಉಳಿದು ಅದೇ ಪಾಸ್ ಮತ್ತೆ ಮತ್ತೆ ಮಾಡುತ್ತಿದ್ದರು. ಎಷ್ಟು ಹೆಜ್ಜೆಗೆ ತಿರುಗುತ್ತೇನೆ ಅಂತ ಬೆರ್ರಿಗೆ ಗೊತ್ತು, ಅಷ್ಟರಲ್ಲಿ ಚೆಂಡು ಎಲ್ಲಿ ಇರುತ್ತೆ ಅಂತ ಯುನಿಟಾಸ್‌ಗೆ ಗೊತ್ತು. ಆ ಫೈನಲ್‌ನಲ್ಲಿ ಬೆರ್ರಿ 12 ಪಾಸ್ ಹಿಡಿದರು, 178 ಗಜ.

ಫೈನಲ್ ಸಮವಾದರೆ ಏನು ಮಾಡಬೇಕು ಅಂತ ಹಲವು ಆಟಗಾರರಿಗೇ ಗೊತ್ತಿರಲಿಲ್ಲ! ಲೀಗಿನ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋದದ್ದು ಅದೇ ಮೊದಲು. ಮೊದಲು ಅಂಕ ಮಾಡಿದವರು ಗೆದ್ದಂತೆ. ಟಾಸ್ ಗೆದ್ದ ಜೈಂಟ್ಸ್ 10 ಗಜ ಹೋಗಲಾಗದೆ ಚೆಂಡು ಬಿಟ್ಟುಕೊಟ್ಟಿತು. ಯುನಿಟಾಸ್ 20 ಗಜದ ಗೆರೆಯಿಂದ ಶುರು ಮಾಡಿದರು. 13 ಯತ್ನ, 80 ಗಜ. ಪಾಸ್ ಬರುತ್ತೆ ಅಂತ ಎದುರಿನವರು ಕಾದಾಗ ಓಡಿಸಿದರು. ಓಟ ಬರುತ್ತೆ ಅಂತ ಮುಂದೆ ಬಂದಾಗ ಎಸೆದರು. ಗೆರೆ ಹತ್ತಿರ ಬಂದಾಗ ಎಲ್ಲರೂ ಅಂದುಕೊಂಡದ್ದು ಈಗ ಚೆಂಡು ಒದ್ದು 3 ಅಂಕ ತೆಗೆದುಕೊಳ್ಳುತ್ತಾರೆ ಅಂತ. ಅವರು ಅಪಾಯದ ಪಾಸ್ ಎಸೆದರು, ಜಿಮ್ ಮಟ್ಷೆಲ್ಲರ್ ಹಿಡಿದು 1 ಗಜ ದೂರಕ್ಕೆ ತಂದರು. ಮುಂದಿನ ಯತ್ನದಲ್ಲಿ ಅಲನ್ ಅಮೀಚಿ ನುಗ್ಗಿದರು. 23-17.

ಈ ನಡುವೆ ಎನ್‌ಬಿಸಿ ಚಾನೆಲ್‌ನ ಚಿತ್ರ ಕೆಲ ಹೊತ್ತು ಹೋಗಿಬಿಟ್ಟಿತ್ತು, ಕೇಬಲ್ ಕಳಚಿಕೊಂಡಿತ್ತು. ನಮ್ಮ ಹಿರಿಯರಿಗೆ ಆಗ ಹದಿನಾಲ್ಕು. ಮನೆಯವರೆಲ್ಲ ಟಿವಿ ಬಿಟ್ಟು ಅಡುಗೆಮನೆಯ ರೇಡಿಯೋ ಹತ್ತಿರ ಓಡಿದರಂತೆ. ಸುಮಾರು 4.5 ಕೋಟಿ ಜನ ಟಿವಿಯಲ್ಲಿ ನೋಡಿದರು ಅಂತ ಲೆಕ್ಕ. ಹುಬ್ಬಳ್ಳಿಯವರೇ, ಅದು ಯಾಕೆ ದೊಡ್ಡದು ಅಂದಿರಲ್ಲ. ಈ ಆಟ ಟಿವಿಗೆ ಎಷ್ಟು ಒಪ್ಪುತ್ತೆ ಅಂತ ಅಮೆರಿಕಕ್ಕೆ ಅವತ್ತು ಗೊತ್ತಾಯಿತು. ಆ ರಾತ್ರಿ ಬಾಲ್ಟಿಮೋರ್ ವಿಮಾನ ನಿಲ್ದಾಣದಲ್ಲಿ ಸುಮಾರು 30,000 ಜನ ಸೇರಿದ್ದರು. ಗೆದ್ದ ಒಬ್ಬೊಬ್ಬ ಆಟಗಾರನಿಗೆ ಸಿಕ್ಕ ಪಾಲು 4,718 ಡಾಲರ್ 77 ಸೆಂಟ್.

ಮುಂದಿನ ವರ್ಷವೂ ಅದೇ ಜೈಂಟ್ಸನ್ನು ಬಾಲ್ಟಿಮೋರಿನಲ್ಲೇ 31-16ರಲ್ಲಿ ಸೋಲಿಸಿದರು.

ಕೋಲಾರ_ಓದುಗ

ಎಲ್ಲರೂ ಊರಿನ ಪ್ರೀತಿ ಬಗ್ಗೆ ಬರೆಯುತ್ತಿದ್ದೀರಿ. ಒಂದು ಮಾತು ಸೇರಿಸಲೇಬೇಕು. ಆ ಊರಿನ ಪ್ರೀತಿ ಎಲ್ಲ ಆಟಗಾರರಿಗೂ ಒಂದೇ ಥರ ಸಿಗಲಿಲ್ಲ. ಲೆನ್ನಿ ಮೂರ್, ಜಿಮ್ ಪಾರ್ಕರ್, ಬಿಗ್ ಡ್ಯಾಡಿ ಲಿಪ್ಸ್ಕಂಬ್ ಕಪ್ಪು ಜನಾಂಗದವರು. ಭಾನುವಾರ ಮೈದಾನದಲ್ಲಿ ಅವರಿಗೆ ಜಯಕಾರ ಹಾಕಿದ ಊರಲ್ಲೇ ಸೋಮವಾರ ಕೆಲವು ಹೋಟೆಲುಗಳಲ್ಲಿ, ಚಿತ್ರಮಂದಿರಗಳಲ್ಲಿ ಅವರಿಗೆ ಪ್ರವೇಶ ಇರಲಿಲ್ಲ. ದಕ್ಷಿಣದ ಊರುಗಳಿಗೆ ಆಡಲು ಹೋದರೆ ಬಿಳಿಯರು ಒಂದು ಕಡೆ, ಇವರು ಇನ್ನೊಂದು ಕಡೆ ಉಳಿಯಬೇಕಿತ್ತು. ಆಟ ಮುಗಿದ ಮೇಲೆ ಇಬ್ಬರ ಬದುಕೂ ಬೇರೆ ಬೇರೆಯಾಗಿತ್ತು ಅಂತ ಮೂರ್ ಮುಂದೆ ನೋವಿನಿಂದ ಹೇಳಿಕೊಂಡಿದ್ದಾರೆ.

ಮೇಲೆ ಬಂದ ಪ್ರತಿ ದೊಡ್ಡ ಗೆಲುವಿನಲ್ಲೂ ಮೂರ್ ಹೆಸರು ಇದೆ, ಗಮನಿಸಿದಿರಾ? 58 ಗಜದ ಆ ಪಾಸ್, ಷಿಕಾಗೋದ ಕೊನೆ ಕ್ಷಣ, ಫೈನಲ್‌ನ 11 ಗಜ. ಅವರಿಲ್ಲದೆ ಯುನಿಟಾಸ್ ಕಥೆ ಇಲ್ಲ.

ಟೌಸನ್_ಮಲೆನಾಡಿಗ

ಇದನ್ನು ನಾನೇ ಬರೆಯಬೇಕಿತ್ತು. ಬಿಟ್ಟದ್ದು ತಪ್ಪು. ನಮ್ಮಂಥವರ ಮನೆಯಲ್ಲಿ ಒಂದು ಪಂಕ್ತಿ, ಎರಡು ಪಂಕ್ತಿ ಅನ್ನುವ ವಿಷಯ ಹೊಸದೇನಲ್ಲ. ಹಾಗಿದ್ದೂ ನನ್ನ ಕಣ್ಣಿಗೆ ಮೊದಲು ಬೀಳಲಿಲ್ಲ. ಬರೆದದ್ದಕ್ಕೆ ಋಣಿ.

ಮೈಸೂರು_ಫಿಸಿಯೋ

ನಾನು ಫಿಸಿಯೋಥೆರಪಿಸ್ಟ್. ಈ ಚರ್ಚೆ ಓದಿ ಅವರು ಎಸೆಯುವ ಹಳೆಯ ಫೋಟೋಗಳನ್ನು ಹುಡುಕಿ ನೋಡಿದೆ. ಚೆಂಡು ಬಿಟ್ಟ ಮೇಲೆ ಅವರ ಅಂಗೈ ಪೂರ್ತಿ ಹೊರಕ್ಕೆ ತಿರುಗಿದೆ. ಹೆಬ್ಬೆರಳು ನೆಲದ ಕಡೆ. ಹದಿನೆಂಟು ವರ್ಷ, ಐದು ಸಾವಿರಕ್ಕೂ ಮೇಲೆ ಪಾಸ್. ಅಭ್ಯಾಸದಲ್ಲಿ ಎಸೆದದ್ದು ಲೆಕ್ಕಕ್ಕಿಲ್ಲ. ಮೊಣಕೈಗೆ ಅದು ಎಷ್ಟು ಭಾರ ಅಂತ ನನಗೆ ಅಂದಾಜಿದೆ.

1968ರ ಸೀಸನ್ ಶುರುವಾಗುವ ಮೊದಲು, ಅಭ್ಯಾಸ ಪಂದ್ಯವೊಂದರಲ್ಲಿ ಆ ಕೈಗೆ ಕೆಟ್ಟ ಪೆಟ್ಟಾಯಿತು. ಆ ವರ್ಷ ಅರ್ಲ್ ಮೊರಾಲ್ ಅವರ ಜಾಗದಲ್ಲಿ ಆಡಿ ತಂಡವನ್ನು ಸೂಪರ್ ಬೌಲ್ ಅನ್ನುವ ಮಹಾ ಫೈನಲ್‌ಗೆ ತಂದರು. 1969ರ ಜನವರಿಯಲ್ಲಿ ಮಯಾಮಿಯಲ್ಲಿ ಜೆಟ್ಸ್ ಎದುರು ಸೋಲು, 16-7. ಗೆದ್ದ ಜೆಟ್ಸ್‌ನ ಕೋಚ್ ಯಾರು ಗೊತ್ತಾ, ಅದೇ ಯೂಬ್ಯಾಂಕ್. ಕ್ವಾರ್ಟರ್‌ಬ್ಯಾಕ್ ಅಕ್ಕನ ಪಟ್ಟಿಯಲ್ಲಿದ್ದ ಜೋ ನಾಮತ್. ಕೋಲ್ಟ್ಸ್‌ನ ಆ ಒಂದೇ ಟಚ್‌ಡೌನ್ ಬಂದದ್ದು ಕೊನೆಗೆ ಯುನಿಟಾಸ್ ಅದೇ ನೋಯುವ ಕೈಯಲ್ಲಿ ಒಳಗೆ ಬಂದ ಮೇಲೆ. ಎರಡು ವರ್ಷದ ನಂತರ ಡಲ್ಲಾಸ್ ಎದುರು 16-13ರಲ್ಲಿ ಸೂಪರ್ ಬೌಲ್ ಗೆದ್ದರು. ಅವತ್ತೂ ಜಾನ್ ಮ್ಯಾಕಿಗೆ 75 ಗಜದ ಟಚ್‌ಡೌನ್ ಪಾಸ್ ಕೊಟ್ಟು, ಪೆಟ್ಟು ತಿಂದು ಹೊರಗೆ ಹೋಗಬೇಕಾಯಿತು. ಅದೇ ವರ್ಷ ಹಿಮ್ಮಡಿಯ ಸ್ನಾಯುರಜ್ಜುವೂ ಹರಿಯಿತು.

ನನಗೆ ತಡೆಯಲಾಗದ್ದು ಮುಂದಿನದು. ವಯಸ್ಸಾದ ಮೇಲೆ ಆ ಬಲಗೈ ಬೆರಳುಗಳಲ್ಲಿ ಶಕ್ತಿಯೇ ಉಳಿಯಲಿಲ್ಲ. ಎರಡೂ ಮಂಡಿ ಬದಲಾಯಿಸಬೇಕಾಯಿತು. ಗಾಲ್ಫ್ ಆಡಲು ಎಡಗೈಯಿಂದ ಬಲಗೈ ಬೆರಳುಗಳನ್ನು ಕೋಲಿಗೆ ಸುತ್ತಿ, ಪಟ್ಟಿ ಹಾಕಿ ಬಿಗಿದುಕೊಳ್ಳುತ್ತಿದ್ದರು. ಪ್ರತಿ ಹೊಡೆತಕ್ಕೂ ಹೀಗೆ. ಲೀಗಿನಿಂದ ಅಂಗವೈಕಲ್ಯದ ಪರಿಹಾರ ಕೇಳಿದಾಗ, ಅರ್ಜಿ ಹಾಕುವ ವಯಸ್ಸಿನ ಗಡುವು ಮೀರಿದೆ ಅಂತ ಕೊಡಲಿಲ್ಲ. ಇಂಥ ಪೆಟ್ಟು ಇಪ್ಪತ್ತು, ಮೂವತ್ತು ವರ್ಷ ಕಳೆದ ಮೇಲೆ ಹೊರಗೆ ಬರುವುದು ಸಾಮಾನ್ಯ. ನನ್ನ ಹತ್ತಿರ ಬರುವ ಹಳೆಯ ಕಬಡ್ಡಿ ಆಟಗಾರರಲ್ಲೂ ನೋಡುತ್ತಿರುತ್ತೇನೆ. ಮೈಗೆ ಗಡುವು ಗೊತ್ತಿರುವುದಿಲ್ಲ. ಆ ಕೈಯಿಂದ ದುಡ್ಡು ಮಾಡಿದವರು ಆ ಕೈಗೆ ಔಷಧಿ ಕೊಡಿಸಬೇಕಿತ್ತು. ಇದು ನನ್ನ ಅಭಿಪ್ರಾಯ.

ಪಿಟ್ಸ್‌ಬರ್ಗ್_ಅಕ್ಕ

ಓದಿ ಕಣ್ಣು ತುಂಬಿತು. ಕಲ್ಲಿದ್ದಲು ಎತ್ತಿದ ಕೈ ಅದು.

ಟೌಸನ್_ಮಲೆನಾಡಿಗ

ತಂಡದವರು ಅವರನ್ನು ಕಳಿಸಿದ ರೀತಿಯೂ ಸರಿ ಇರಲಿಲ್ಲ ಮೇಡಂ. 1972ರಲ್ಲಿ ತಂಡಕ್ಕೆ ಹೊಸ ಮಾಲೀಕರು, ಹೊಸ ಮ್ಯಾನೇಜರ್ ಜೋ ಥಾಮಸ್. ಸೋಲು ಶುರುವಾದ ಕೂಡಲೇ ಯುನಿಟಾಸ್ ಅವರನ್ನು ಕೂರಿಸಿ ಅಂತ ಆಜ್ಞೆ. ಕೋಚ್ ಡಾನ್ ಮೆಕ್‌ಕ್ಯಾಫರ್ಟಿ ಕೆಲಸವನ್ನೇ ಕಳೆದುಕೊಂಡರು. ಡಿಸೆಂಬರ್ 3ರಂದು ಬಫಲೋ ಎದುರು ಬಾಲ್ಟಿಮೋರಿನಲ್ಲಿ ಅವರ ಕೊನೆಯ ಪಂದ್ಯ. ಕೊನೆಗೆ ಯುನಿಟಾಸ್ ಇಳಿದರು. ಮೆಮೋರಿಯಲ್ ಸ್ಟೇಡಿಯಂ ಎದ್ದು ನಿಂತಿತು. ಎಡ್ಡಿ ಹಿಂಟನ್‌ಗೆ 63 ಗಜದ ಟಚ್‌ಡೌನ್. ಮೇಲೆ ಒಂದು ಪುಟ್ಟ ವಿಮಾನ ಬ್ಯಾನರ್ ಎಳೆದುಕೊಂಡು ಹೋಗುತ್ತಿತ್ತು, ‘ಯುನಿಟಾಸ್ ವಿ ಸ್ಟ್ಯಾಂಡ್’ ಅಂತ. ಒಗ್ಗಟ್ಟಾಗಿ ನಿಂತಿದ್ದೇವೆ ಅನ್ನುವ ಅವರ ಹಳೆಯ ಮಾತಿಗೆ ಇವರ ಹೆಸರು ಸೇರಿಸಿದ್ದರು. ಮುಂದಿನ ತಿಂಗಳು ಸ್ಯಾನ್ ಡಿಯಾಗೋಗೆ ಮಾರಿಬಿಟ್ಟರು. ಅಲ್ಲಿ ಒಂದು ಸೀಸನ್ ಆಡಿ 1974ರಲ್ಲಿ ನಿಲ್ಲಿಸಿದರು. 1979ರಲ್ಲಿ ಹಾಲ್ ಆಫ್ ಫೇಮ್, ಅಂದರೆ ಈ ಆಟದ ಮಹಾನ್ ಆಟಗಾರರ ಗೌರವ ಪಟ್ಟಿ, ಸೇರಿದರು.

ಆಮೇಲೆ 1984ರ ಮಾರ್ಚ್ 28ರ ರಾತ್ರಿ. ಹಿಮ ಬೀಳುತ್ತಿತ್ತು. ಮಾಲೀಕ ಬಾಬ್ ಅರ್ಸೆ ತಂಡದ ಸಾಮಾನೆಲ್ಲ ಮೇಫ್ಲವರ್ ಕಂಪನಿಯ ಲಾರಿಗಳಿಗೆ ತುಂಬಿಸಿ ಇಂಡಿಯಾನಾಪೊಲಿಸ್‌ಗೆ ಕಳಿಸಿದರು. ಬೆಳಗ್ಗೆ ಎದ್ದಾಗ ಊರಿಗೆ ತಂಡ ಇರಲಿಲ್ಲ. ಯುನಿಟಾಸ್ ಆ ಹೊಸ ಊರಿನ ಕೋಲ್ಟ್ಸ್ ಜೊತೆ ಸಂಬಂಧ ಬೇಡ ಅಂದರು. ತಾನು ಬಾಲ್ಟಿಮೋರ್ ಕೋಲ್ಟ್ಸ್ ಆಟಗಾರ, ಅಷ್ಟೇ ಅಂದರು.

ಇಲ್ಲಿ ಒಂದು ವಿಷಯ ನನಗೆ ತುಂಬಾ ಇಷ್ಟ. ಕೋಲ್ಟ್ಸ್‌ಗೆ ಒಂದು ವಾದ್ಯಮೇಳ ಇತ್ತು. ತಂಡ ಹೋದರೂ ಮೇಳ ಹೋಗಲಿಲ್ಲ. ತಮ್ಮ ಸಮವಸ್ತ್ರ ಬಚ್ಚಿಟ್ಟುಕೊಂಡು, ತಂಡವೇ ಇಲ್ಲದ ಊರಲ್ಲಿ 1996ರವರೆಗೆ ನುಡಿಸುತ್ತಲೇ ಇದ್ದರು. ರೇವನ್ಸ್ ಬಂದ ಮೇಲೆ ಅದರ ಮೇಳ ಆದರು. ಯುನಿಟಾಸ್ ಕೂಡ ಹಾಗೇ, ರೇವನ್ಸ್ ಪಂದ್ಯಗಳಲ್ಲಿ ಗೆರೆ ಪಕ್ಕ ನಿಂತಿರುತ್ತಿದ್ದರು.

2002ರ ಸೆಪ್ಟೆಂಬರ್ 11ರಂದು, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ ಟಿಮೋನಿಯಂನಲ್ಲಿ, ವ್ಯಾಯಾಮ ಮಾಡುವಾಗ ಹೃದಯಾಘಾತವಾಗಿ ತೀರಿಕೊಂಡರು. 69 ವರ್ಷ. ಅಂತ್ಯಕ್ರಿಯೆಯಲ್ಲಿ ಮಾತಾಡಿದವರಲ್ಲಿ ರೇಮಂಡ್ ಬೆರ್ರಿ ಒಬ್ಬರು.

ಲೆಕ್ಕದ_ಮೇಷ್ಟ್ರು

ಅವರು ಕಪ್ಪು ಬಣ್ಣದ, ಕಣಕಾಲು ಮುಚ್ಚುವ ಶೂ ಹಾಕುತ್ತಿದ್ದರಲ್ಲ. ಅವರು ತೀರಿಕೊಂಡ ವಾರ ಇಂಡಿಯಾನಾಪೊಲಿಸ್‌ನ ಪೇಟನ್ ಮ್ಯಾನಿಂಗ್ ಅಂಥದ್ದೇ ಶೂ ಹಾಕುತ್ತೇನೆ ಅಂದರೆ ಲೀಗ್ ಒಪ್ಪಲಿಲ್ಲ. ರೇವನ್ಸ್‌ನ ಕ್ರಿಸ್ ರೆಡ್‌ಮನ್ ಕೇಳದೆ ಹಾಕಿಕೊಂಡು ಆಡಿದರು. ಅವರೂ ಲೂಯಿವಿಲ್‌ನಲ್ಲೇ ಓದಿದವರು. 5,000 ಡಾಲರ್ ದಂಡ ಬಿತ್ತು. ಇದೂ ಒಂದು ಲೆಕ್ಕ. ಇದನ್ನು ನಾನು ಬರೆದಿಟ್ಟುಕೊಂಡೆ.

ಹುಬ್ಬಳ್ಳಿ_ಅಂಗಳ

ರಾತ್ರಿ ಕೂತು ಆ ಫೈನಲ್‌ನ ಹಳೆಯ ಫಿಲ್ಮ್ ನೋಡಿದೆ. ಕಪ್ಪು ಬಿಳುಪು, ಮಂಜು ಮಂಜು. ಆದರೂ ಗೊತ್ತಾಯಿತು. ಪ್ರತಿ ಸಲ ಬಗ್ಗಿ ಹತ್ತು ಜನಕ್ಕೆ ಏನೋ ಹೇಳುತ್ತಾರೆ. ಪಕ್ಕದಲ್ಲಿ ನಿಂತ ಕೋಚ್ ಕಡೆ ತಿರುಗಿಯೂ ನೋಡುವುದಿಲ್ಲ. ಅಮೀಚಿ ಗೆರೆ ದಾಟಿದ ಕೂಡಲೇ ಜನ ಒಳಗೆ ನುಗ್ಗುತ್ತಾರೆ. ಇವರು ಕುಣಿಯುವುದಿಲ್ಲ, ಕೈ ಎತ್ತುವುದಿಲ್ಲ. ಕೆಲಸ ಮುಗಿದ ಹಾಗೆ ತಿರುಗಿ ನಡೆದು ಹೋಗುತ್ತಾರೆ. ಅದನ್ನೇ ನಾಲ್ಕು ಸಲ ನೋಡಿದೆ.

ಮಲೆನಾಡಿಗ ಸರ್, ಪ್ರತಿಮೆಯ ಫೋಟೋ ಇದ್ದರೆ ಹಾಕಿ.

ಟೌಸನ್_ಮಲೆನಾಡಿಗ

ಇವತ್ತು ಬೆಳಗ್ಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ನಮ್ಮ ಹಿರಿಯರೂ ಬಂದಿದ್ದರು, ಜರ್ಸಿ ಹಾಕಿಕೊಂಡು. ಎರಡು ಫೋಟೋ ಹಾಕಿದ್ದೇನೆ. ಮೊದಲನೆಯದು ಪೂರ್ತಿ ಪ್ರತಿಮೆ, ಕೈ ಹಿಂದಕ್ಕೆ ಎತ್ತಿ ಎಸೆಯಲು ನಿಂತಿರುವುದು. ಎರಡನೆಯದು ಶೂ ಮಾತ್ರ. ಪಂದ್ಯಕ್ಕೆ ಬರುವವರು ಒಳಗೆ ಹೋಗುವ ಮುಂಚೆ ಅದನ್ನು ಸವರಿ ಹೋಗುತ್ತಾರೆ. ಮಿಕ್ಕದ್ದೆಲ್ಲ ಕಪ್ಪಗಿದೆ, ಅಲ್ಲಿ ಮಾತ್ರ ಹಳದಿಯಾಗಿ ಹೊಳೆಯುತ್ತಿದೆ ನೋಡಿ. ಫೋಟೋದಲ್ಲಿರುವ ಪುಟ್ಟ ಕೈ ನನ್ನ ಮಗಳದು.